ದೂರದ ಬೆಟ್ಟ ನುಣ್ಣಗೆ: ಮಕ್ಕಳೊಂದಿಗೆ ಜಲವರ್ಣದ ಒಂದು ಸರಳ ವಿಧಾನ

ಬೆಟ್ಟದ ಚಿತ್ರವನ್ನು ಬರೆಯಲು ಹೇಳಿದೊಡನೆ ಪ್ರಾಥಮಿಕ ಶಾಲೆಯ ಬಹುತೇಕ ಮಕ್ಕಳ ಹಾಳೆಯ ಮೇಲೆ ಒಂದೇ ಬಗೆಯ ಚಿತ್ರ ಮೂಡುತ್ತದೆ. ಎರಡು ತ್ರಿಕೋನಗಳು, ಅವುಗಳ ನಡುವೆ ಅರ್ಧ ಸೂರ್ಯ, ಸೂರ್ಯನ ಸುತ್ತ ಗೀಟುಗೀಟಾದ ಕಿರಣಗಳು, ಕೆಳಗೊಂದು ಹೊಳೆ, ಹೊಳೆಯ ದಡದಲ್ಲೊಂದು ಗುಡಿಸಲು ಮತ್ತು ತೆಂಗಿನ ಮರ. ಬಯಲುಸೀಮೆಯ ಮಗು ಬರೆದರೂ ಇದೇ ಚಿತ್ರ. ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದ ಉದಕಮಂಡಲದಲ್ಲಿ, ತೆಂಗು ಬೆಳೆಯದ ಚಳಿಯಲ್ಲಿ ಕುಳಿತ ಮಗು ಬರೆದರೂ ಇದೇ ಚಿತ್ರ. ಕಿಟಕಿಯಾಚೆ ಒಂದರ ಹಿಂದೊಂದರಂತೆ ನಾಲ್ಕೈದು ಬೆಟ್ಟಸಾಲುಗಳು ಮಂಜಿನಲ್ಲಿ ನಿಂತಿದ್ದರೂ ಅವು ಹಾಳೆಯ ಮೇಲೆ ಬರುವುದಿಲ್ಲ.

ಇದು ಮಗುವಿನ ದೋಷವಲ್ಲ. ಬೆಟ್ಟವೆಂದರೆ ಹೀಗಿರಬೇಕೆಂದು ಕರಿಹಲಗೆಯ ಮೇಲೆ, ಅಣ್ಣ ಅಕ್ಕಂದಿರ ಪುಸ್ತಕಗಳಲ್ಲಿ ಅದು ಕಂಡಿದೆ. ಕಂಡದ್ದನ್ನು ನಕಲು ಮಾಡುತ್ತದೆ. ಭಾಷೆಯ ತರಗತಿಯಲ್ಲಿಯೂ ಇದೇ ಸ್ಥಿತಿಯುಂಟು. ನೀಲಗಿರಿಯ ಒಂದು ತರಗತಿಯಲ್ಲಿ ಬಡಗ, ತಮಿಳು, ಮಲಯಾಳ, ಕುರುಂಬ, ಇರುಳ, ಪಣಿಯ ಮನೆಮಾತಿನ ಮಕ್ಕಳು ಅಕ್ಕಪಕ್ಕದಲ್ಲಿ ಕುಳಿತಿರುವುದು ಸಾಧ್ಯ. ಮನೆಯಲ್ಲೊಂದು ಮಾತು, ಸಂತೆಯಲ್ಲೊಂದು ಮಾತು, ಪುಸ್ತಕದಲ್ಲೊಂದು ಮಾತು. ಇಂಥ ಮಗು ಪ್ರಬಂಧ ಬರೆಯುವಾಗ ಪುಸ್ತಕದ ವಾಕ್ಯಗಳನ್ನೇ ಎತ್ತಿ ಬರೆಯುತ್ತದೆ. ತಾನು ಬೆಳಗ್ಗೆ ಕಂಡದ್ದಕ್ಕೆ ಕನ್ನಡದಲ್ಲಿ ಮಾತುಂಟು ಎಂಬುದು ಅದಕ್ಕೆ ಹೊಳೆಯುವುದೇ ಇಲ್ಲ. ತನ್ನ ಕಣ್ಣನ್ನು ನಂಬದ ಮಗು ತನ್ನ ಮಾತನ್ನೂ ನಂಬಲಾರದು. ಇಲ್ಲಿ ವಿವರಿಸಿರುವ ಜಲವರ್ಣದ ವಿಧಾನವು ಮೊದಲು ನೋಡುವುದನ್ನು, ಬಳಿಕ ಬರೆಯುವುದನ್ನು, ಕೊನೆಗೆ ಕಂಡದ್ದನ್ನು ಕನ್ನಡದಲ್ಲಿ ಹೇಳುವುದನ್ನು ಒಂದೇ ಸರಣಿಯಲ್ಲಿ ಕಲಿಸುತ್ತದೆ. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಯಲ್ಲಿಯೂ ಇದನ್ನು ನಡೆಸಬಹುದು.

ವಿಧಾನದ ತಿರುಳು

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ಎಲ್ಲ ಶಿಕ್ಷಕರೂ ಕಲಿಸಿದ್ದಾರೆ. ಲೋಕವ್ಯವಹಾರದಲ್ಲಿ ಅದರ ಅರ್ಥ ಬೇರೆಯಾದರೂ, ಕಣ್ಣಿನ ಮಟ್ಟಿಗೆ ಅದು ಅಕ್ಷರಶಃ ನಿಜ. ಹತ್ತಿರದ ಗುಡ್ಡದಲ್ಲಿ ಮರ, ಬಂಡೆ, ಕಾಲುದಾರಿಗಳು ಕಾಣುತ್ತವೆ. ಅದರ ಹಿಂದಿನ ಗುಡ್ಡದಲ್ಲಿ ಮರಗಳು ಕೂಡಿಕೊಂಡು ಒಂದು ಹಸಿರು ಮಬ್ಬಾಗುತ್ತವೆ. ಅದಕ್ಕೂ ಹಿಂದಿನದು ನೀಲಿ. ಕಟ್ಟಕಡೆಯದು ಆಕಾಶದಿಂದ ಬೇರ್ಪಡಿಸಲಾಗದಷ್ಟು ತೆಳು. ದೂರ ಹೆಚ್ಚಿದಂತೆ ವಿವರ ಅಳಿಯುತ್ತದೆ, ಬಣ್ಣ ತಿಳಿಯಾಗುತ್ತದೆ.

ಈ ಒಂದು ಸತ್ಯವನ್ನು ಒಂದೇ ಬಣ್ಣದಿಂದ ಹಾಳೆಯ ಮೇಲೆ ತರುವುದೇ ಇಲ್ಲಿಯ ಅಭ್ಯಾಸ. ಅತಿ ದೂರದ ಬೆಟ್ಟಕ್ಕೆ ಹೆಚ್ಚು ನೀರು, ಕಡಿಮೆ ಬಣ್ಣ. ಮುಂದೆ ಮುಂದೆ ಬಂದಂತೆ ನೀರು ಕಡಿಮೆ, ಬಣ್ಣ ಗಾಢ. ಒಂದು ಪದರ ಪೂರ್ತಿ ಒಣಗಿದ ಮೇಲೆ ಮತ್ತೊಂದು ಪದರ. ಇಷ್ಟೇ ನಿಯಮ.

ಪೋಸ್ಟರ್ ಬಣ್ಣಕ್ಕೂ ಜಲವರ್ಣಕ್ಕೂ ಇರುವ ಭೇದವನ್ನು ಶಿಕ್ಷಕರು ಮೊದಲು ಗ್ರಹಿಸಬೇಕು. ಪೋಸ್ಟರ್ ಬಣ್ಣ ಹಾಳೆಯನ್ನು ಮುಚ್ಚುತ್ತದೆ. ಅದನ್ನು ತಿಳಿಗೊಳಿಸಲು ಬಿಳಿ ಬೆರೆಸಬೇಕಾಗುತ್ತದೆ. ಜಲವರ್ಣ ಪಾರದರ್ಶಕವಾದುದು. ಬೆಳಕು ಬಣ್ಣದ ತೆಳುಪದರವನ್ನು ದಾಟಿ, ಕೆಳಗಿನ ಬಿಳಿ ಹಾಳೆಗೆ ತಾಗಿ ಮರಳಿ ಕಣ್ಣಿಗೆ ಬರುತ್ತದೆ. ಆದ್ದರಿಂದ ಇಲ್ಲಿ ಬಿಳಿಯೆಂದರೆ ಹಾಳೆಯೇ, ತಿಳಿಗೊಳಿಸುವುದು ನೀರು. ಬಿಳಿ ಬಣ್ಣದ ಬಿಲ್ಲೆಯನ್ನು ಮುಟ್ಟಬೇಡಿರೆಂದು ಆರಂಭದಲ್ಲಿಯೇ ಮಕ್ಕಳಿಗೆ ಹೇಳುವುದು ಒಳ್ಳೆಯದು.

ಬೆಟ್ಟ ನೀಲಿಯಾಗಿ ಕಾಣುವುದೇಕೆ?

ಚಟುವಟಿಕೆಗೆ ಮುನ್ನ ಈ ಪ್ರಶ್ನೆಯನ್ನು ಮಕ್ಕಳ ಮುಂದಿಡಬೇಕು. ಹತ್ತಿರ ಹೋದರೆ ಹಸಿರಾಗಿರುವ ಬೆಟ್ಟ ದೂರದಿಂದ ನೀಲಿಯಾಗುವುದೇಕೆ? ನಮಗೂ ಬೆಟ್ಟಕ್ಕೂ ನಡುವೆ ಗಾಳಿಯಿದೆ. ಸೂರ್ಯನ ಬೆಳಕಿನಲ್ಲಿ ಅಡಕವಾಗಿರುವ ಬಣ್ಣಗಳ ಪೈಕಿ ಕೆಂಪಿಗಿಂತ ನೀಲಿಯನ್ನು ಗಾಳಿಯ ಕಣಗಳು ಹೆಚ್ಚಾಗಿ ಚದುರಿಸುತ್ತವೆ. ಆಕಾಶ ನೀಲಿಯಾಗಿ ಕಾಣುವುದಕ್ಕೂ ಇದೇ ಕಾರಣ. ಬೆಟ್ಟ ದೂರವಾದಷ್ಟೂ ನಡುವಿನ ಗಾಳಿ ಹೆಚ್ಚು. ಹೀಗೆ ಚದುರಿದ ನೀಲಿ ಬೆಳಕೂ ಹೆಚ್ಚು. ಮಂಜು, ತೇವ, ಧೂಳು ಸೇರಿದರೆ ಆ ನೀಲಿ ಬೆಳ್ಳಗಾಗುತ್ತದೆ. ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಸುಮಾರು ಐದು ನೂರು ವರ್ಷಗಳ ಹಿಂದೆಯೇ ಇದನ್ನು ಗಮನಿಸಿ, ದೂರದ ವಸ್ತುಗಳನ್ನು ಹೆಚ್ಚು ನೀಲಿಯಾಗಿ ಚಿತ್ರಿಸಬೇಕೆಂದು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದನು.

ಆದರೆ ಈ ಗಮನಿಕೆಗೆ ಇಟಲಿಗೆ ಹೋಗಬೇಕಾಗಿಲ್ಲ. ನೀಲಗಿರಿ ಎಂಬ ಹೆಸರೇ ಅದನ್ನು ಹೇಳುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋದವರನ್ನು ಬೆದರಿಸಿ ನೀಲ ಪರ್ವತವನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ 1117ರ ಶಾಸನ ತಿಳಿಸುತ್ತದೆ. ಮೈಸೂರು ಸೀಮೆಯ ಬಯಲಿನಿಂದ ದಕ್ಷಿಣಕ್ಕೆ ನೋಡಿದವರ ಕಣ್ಣಿಗೆ ಈ ಬೆಟ್ಟಗಳು ಆಗಲೇ ನೀಲಿಯಾಗಿದ್ದುವು. ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟವನ್ನು ತುಂಬಿ ಅರಳುವ ನೀಲಕುರಿಂಜಿ ಹೂವಿನಿಂದ ಈ ಹೆಸರು ಬಂದಿತೆಂದು ಹೇಳುವವರೂ ಇದ್ದಾರೆ. ನೀಲಗಿರಿ ಮರದಿಂದ ಹೆಸರು ಬಂದಿತೆಂದು ಮಕ್ಕಳು ಹೇಳಿದರೆ ಮಾತ್ರ ತಿದ್ದಬೇಕು. ಆಸ್ಟ್ರೇಲಿಯ ಮೂಲದ ಆ ಮರವನ್ನು ಇಲ್ಲಿ ನೆಡಲು ಆರಂಭಿಸಿದ್ದು 1843ರ ಸುಮಾರಿನಲ್ಲಿ. ಕನ್ನಡದಲ್ಲಿ ಮರಕ್ಕೆ ಬೆಟ್ಟದ ಹೆಸರು ಬಂದಿದೆಯೇ ಹೊರತು ಬೆಟ್ಟಕ್ಕೆ ಮರದ ಹೆಸರು ಬಂದಿಲ್ಲ.

ಬೇಕಾಗುವ ಸಾಮಗ್ರಿಗಳು

ನಾಲ್ಕು ಮಕ್ಕಳ ಒಂದು ಗುಂಪಿಗೆ ಬೇಕಾಗುವ ವಸ್ತುಗಳು ಇವು:

1. ಒಬ್ಬೊಬ್ಬರಿಗೆ ಒಂದು ಡ್ರಾಯಿಂಗ್ ಹಾಳೆಯ ಕಾಲುಭಾಗ. ನೋಟುಪುಸ್ತಕದ ತೆಳು ಹಾಳೆ ನೀರನ್ನು ತಡೆಯಲಾರದು, ಸುಕ್ಕುಗಟ್ಟಿ ಹರಿಯುತ್ತದೆ. ಹೊಳಪಿಲ್ಲದ ಹಳೆಯ ಮದುವೆ ಕಾಗದಗಳ ಖಾಲಿ ಹಿಂಬದಿಯೂ ಈ ಕೆಲಸಕ್ಕೆ ಒದಗುತ್ತದೆ.
2. ಬಿಲ್ಲೆ ರೂಪದ ಜಲವರ್ಣದ ಒಂದು ಪೆಟ್ಟಿಗೆ. ಅದರಲ್ಲಿ ಬಳಸುವುದು ನೀಲಿಯೊಂದನ್ನೇ.
3. ದುಂಡುತುದಿಯ ಕುಂಚಗಳು: 8 ಅಥವಾ 10ನೆಯ ಅಂಕೆಯವು ಎರಡು, ಮುನ್ನೆಲೆಯ ಮರಗಳಿಗಾಗಿ 4ನೆಯ ಅಂಕೆಯದು ಒಂದು.
4. ಬಣ್ಣ ಕಲಸಲು ಮೂರು ತೆಂಗಿನ ಕರಟಗಳು.
5. ನೀರಿಗೆ ಎರಡು ಡಬ್ಬಿಗಳು. ಒಂದು ಕುಂಚ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ.
6. ಹಳೆಯ ಹತ್ತಿಬಟ್ಟೆಯ ತುಂಡು, ಒಂದು ಟೀ ಚಮಚ, ರಟ್ಟು, ಕ್ಲಿಪ್ಪು ಅಥವಾ ಅಂಟುಪಟ್ಟಿ.

ಮೂರು ಕರಟಗಳಲ್ಲಿ ಬಣ್ಣ ಕಲಸುವುದೇ ಒಂದು ಪಾಠ. ಮೊದಲನೆಯದಕ್ಕೆ ಆರು ಚಮಚ ನೀರು, ಎರಡನೆಯದಕ್ಕೆ ಮೂರು ಚಮಚ, ಮೂರನೆಯದಕ್ಕೆ ಒಂದೇ ಚಮಚ. ಒದ್ದೆ ಕುಂಚವನ್ನು ನೀಲಿ ಬಿಲ್ಲೆಯ ಮೇಲೆ ಹತ್ತು ಸುತ್ತು ತಿರುಗಿಸಿ ಕರಟದ ನೀರಿನಲ್ಲಿ ಅಲುಗಿಸಬೇಕು. ಮೂರು ಕರಟಕ್ಕೂ ಹತ್ತೇ ಸುತ್ತು. ಬಣ್ಣದ ಪ್ರಮಾಣ ಸರಿಸುಮಾರು ಒಂದೇ ಆಗಿದ್ದು ನೀರು ಬೇರೆ ಬೇರೆಯಾದಾಗ ಏನಾಗುತ್ತದೆಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ವಿಜ್ಞಾನದ ದ್ರಾವಣ ಪಾಠಕ್ಕೂ ಗಣಿತದ ಅನುಪಾತಕ್ಕೂ ಇದನ್ನು ಮುಂದೆ ನೆನಪಿಸಬಹುದು.

ಮೊದಲು ನೋಟ

ಕುಂಚ ಹಿಡಿಯುವ ಮೊದಲು ಐದು ನಿಮಿಷ ಮಕ್ಕಳನ್ನು ಹೊರಗೆ ನಿಲ್ಲಿಸಿ ನೋಡಿಸಬೇಕು. ಶಿಕ್ಷಕರು ವಿವರಿಸಬಾರದು, ಪ್ರಶ್ನೆ ಮಾತ್ರ ಕೇಳಬೇಕು. ಎಷ್ಟು ಸಾಲು ಬೆಟ್ಟಗಳಿವೆ? ಯಾವುದು ಎಲ್ಲಕ್ಕಿಂತ ಹಿಂದಿದೆ? ಅದು ಹಿಂದಿದೆಯೆಂದು ಹೇಗೆ ತಿಳಿಯಿತು? ಯಾವ ಸಾಲಿನಲ್ಲಿ ಮರಗಳನ್ನು ಎಣಿಸಬಹುದು? ಬೆಟ್ಟದ ತುದಿ ನಿಜವಾಗಿಯೂ ತ್ರಿಕೋನದಂತಿದೆಯೇ?

ಕೊನೆಯ ಪ್ರಶ್ನೆಯೇ ಮುಖ್ಯವಾದುದು. 2637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಯೂ ಚೂಪಾಗಿಲ್ಲ. ಅದು ದುಂಡಗೆ ಬಾಗಿ ಇಳಿಯುತ್ತದೆ. ಒಂದು ಕಣ್ಣು ಮುಚ್ಚಿ, ತೋರುಬೆರಳಿನಿಂದ ಬೆಟ್ಟದ ಅಂಚನ್ನು ಗಾಳಿಯಲ್ಲಿಯೇ ಎಡದಿಂದ ಬಲಕ್ಕೆ ಎಳೆಯುವಂತೆ ಮಕ್ಕಳಿಗೆ ಹೇಳಬೇಕು. ಎಲ್ಲಿ ಬೆರಳು ಏರಿತು, ಎಲ್ಲಿ ಸಮವಾಗಿ ಸಾಗಿತು, ಎಲ್ಲಿ ಥಟ್ಟನೆ ಇಳಿಯಿತು ಎಂಬುದು ಕೈಗೆ ನೆನಪಿರುತ್ತದೆ. ಆ ನೆನಪಿನೊಂದಿಗೆ ತರಗತಿಗೆ ಮರಳಿದ ಮಗು ತ್ರಿಕೋನವನ್ನು ಬರೆಯುವುದು ಅಪರೂಪ.

ಬರೆಯುವ ಕ್ರಮ

ಒಂದು. ಹಾಳೆಯನ್ನು ರಟ್ಟಿಗೆ ಕ್ಲಿಪ್ಪಿನಿಂದ ಭದ್ರಪಡಿಸಿ, ರಟ್ಟಿನ ಮೇಲಂಚಿನ ಕೆಳಗೆ ಒಂದು ಪುಸ್ತಕವಿಟ್ಟು ತುಸು ಇಳಿಜಾರು ಮಾಡಬೇಕು. ಬಣ್ಣ ತಾನಾಗಿ ಕೆಳಗಿಳಿಯಲು ಇದು ಸಹಾಯಕ. ಬೆಟ್ಟಸಾಲುಗಳ ಅಂಚುಗಳನ್ನು ಪೆನ್ಸಿಲಿನಿಂದ ಅತಿ ಹಗುರವಾಗಿ ಗುರುತಿಸಬಹುದು. ಮೂರು ಸಾಲು ಸಾಕು. ರಬ್ಬರು ಬಳಸಬಾರದು, ಉಜ್ಜಿದ ಜಾಗದಲ್ಲಿ ಹಾಳೆಯ ಮೈ ಒಡೆದು ಬಣ್ಣ ಕಲೆಗಟ್ಟುತ್ತದೆ.

ಎರಡು. ಆಕಾಶದ ಭಾಗವನ್ನು ಶುದ್ಧ ನೀರಿನಿಂದ ಒದ್ದೆ ಮಾಡಬೇಕು. ಹಾಳೆ ಮಿನುಗಬೇಕು, ನೀರು ಹರಿಯಬಾರದು. ಒದ್ದೆಯಿರುವಾಗಲೇ ಮೊದಲ ಕರಟದ ತಿಳಿಬಣ್ಣವನ್ನು ಹಾಳೆಯ ಮೇಲಂಚಿನಲ್ಲಿ ಒಂದು ಬಾರಿ ಅಡ್ಡಲಾಗಿ ಎಳೆದು ಬಿಟ್ಟುಬಿಡಬೇಕು. ಅದು ಕೆಳಗಿಳಿಯುತ್ತ ತಾನೇ ಮಾಸುತ್ತದೆ. ಮೋಡ ಬೇಕಾದಲ್ಲಿ ಒಣ ಬಟ್ಟೆಯನ್ನು ಮುದ್ದೆ ಮಾಡಿ ಒತ್ತಿ ತೆಗೆದರೆ ಅಷ್ಟು ಜಾಗ ಬೆಳ್ಳಗಾಗುತ್ತದೆ.

ಮೂರು. ಒಣಗುವವರೆಗೆ ಕಾಯಬೇಕು. ಬೆರಳಿನ ಹಿಂಬದಿಯನ್ನು ಹಾಳೆಗೆ ಮೆಲ್ಲನೆ ತಾಗಿಸಿದಾಗ ತಣ್ಣಗೆನಿಸಿದರೆ ಒಳಗೆ ಇನ್ನೂ ತೇವವಿದೆ ಎಂದರ್ಥ.

ನಾಲ್ಕು. ಅತಿ ಹಿಂದಿನ ಬೆಟ್ಟಕ್ಕೂ ಮೊದಲ ಕರಟದ ಬಣ್ಣವೇ. ಕುಂಚ ತುಂಬ ಬಣ್ಣ ತೆಗೆದುಕೊಂಡು ಬೆಟ್ಟದ ಮೇಲಂಚನ್ನು ಒಂದೇ ಎಳೆತದಲ್ಲಿ ಬರೆದು, ಕೆಳಕ್ಕೆ ಎರಡು ಬೆರಳಗಲ ತುಂಬಬೇಕು. ತಡಮಾಡದೆ ಕುಂಚವನ್ನು ತೊಳೆದು, ಬಟ್ಟೆಗೆ ಒಮ್ಮೆ ಒತ್ತಿ, ಶುದ್ಧ ನೀರಿನಲ್ಲಿ ಅದ್ದಿ, ಬಣ್ಣದ ಕೆಳ ಅಂಚಿಗೆ ತಾಗಿಸಿ ಕೆಳಕ್ಕೆ ಎಳೆಯಬೇಕು. ಬಣ್ಣ ನೀರಿನೊಡನೆ ಇಳಿದು ಕ್ರಮೇಣ ಇಲ್ಲವಾಗುತ್ತದೆ. ಬೆಟ್ಟದ ನೆತ್ತಿ ಸ್ಪಷ್ಟ, ತಪ್ಪಲು ಮಂಜಿನಲ್ಲಿ ಮರೆ. ಇಡೀ ವಿಧಾನದಲ್ಲಿ ಕೈಚಳಕ ಬೇಡುವ ಹೆಜ್ಜೆ ಇದೊಂದೇ. ಶಿಕ್ಷಕರು ಇದನ್ನು ಮನೆಯಲ್ಲಿ ನಾಲ್ಕು ಬಾರಿ ಮಾಡಿ ನೋಡಿಕೊಂಡು ತರಗತಿಗೆ ಬರುವುದು ಕ್ಷೇಮ.

ಐದು. ಪೂರ್ತಿ ಒಣಗಿದ ಮೇಲೆ ಎರಡನೆಯ ಕರಟದ ಬಣ್ಣದಿಂದ, ಮೊದಲನೆಯದಕ್ಕಿಂತ ಕೆಳಗೆ, ಅದರ ಮಾಸಿದ ತಪ್ಪಲಿನ ಮೇಲೆ ಎರಡನೆಯ ಬೆಟ್ಟ. ಮತ್ತೆ ತಪ್ಪಲನ್ನು ನೀರಿನಿಂದ ಮಾಸಿಸಬೇಕು. ಅದು ಒಣಗಿದ ಬಳಿಕ ಮೂರನೆಯ ಕರಟದ ಗಾಢಬಣ್ಣದಿಂದ ಮುಂದಿನ ಗುಡ್ಡ. ಇದನ್ನು ಮಾಸಿಸದೆ ಹಾಳೆಯ ಕೆಳಗಿನವರೆಗೂ ತುಂಬಬೇಕು.

ಆರು. ಕೊನೆಗೆ, ಬಿಲ್ಲೆಯಿಂದ ನೇರವಾಗಿ ತೆಗೆದ ಗಟ್ಟಿ ಬಣ್ಣದಿಂದ ಸಣ್ಣ ಕುಂಚದಲ್ಲಿ ಮುಂದಿನ ಗುಡ್ಡದ ಮೇಲೆ ಕಾಣುವ ಒಂದೆರಡು ವಸ್ತುಗಳನ್ನು ಬರೆಯಬೇಕು. ಟೀ ತೋಟದ ನಡುವಿನ ಸಿಲ್ವರ್ ಓಕ್ ಮರಗಳು, ನೀಲಗಿರಿ ಮರದ ಉದ್ದನೆಯ ಕಾಂಡ, ಶೋಲಾ ಕಾಡಿನ ಗುಂಡನೆಯ ನೆತ್ತಿಗಳು, ವಿದ್ಯುತ್ ಕಂಬ, ಹೀಗೆ ಮಗು ಕಂಡದ್ದು ಯಾವುದಾದರೂ ಸರಿ. ಕಾಣದ ತೆಂಗಿನ ಮರ ಬೇಡ.

ಊರಿಗೆ ತಕ್ಕ ಮಾರ್ಪಾಡು

ಪುಸ್ತಕಗಳಲ್ಲಿ ‘ಹತ್ತು ನಿಮಿಷ ಒಣಗಿಸಿ’ ಎಂದು ಬರೆದಿರುವುದು ನೀಲಗಿರಿಯಲ್ಲಿ ಎಲ್ಲ ಕಡೆಯೂ ನಡೆಯುವುದಿಲ್ಲ. ಜಲವರ್ಣದಲ್ಲಿ ಅರ್ಧ ಕೆಲಸ ಮಾಡುವುದು ಹವೆ. ಒಂದೇ ಜಿಲ್ಲೆಯೊಳಗೆ ಹವೆ ಮೂರು ಬಗೆಯದಾಗಿದೆ.

ಉದಕಮಂಡಲದಲ್ಲಿ ಚಳಿ ಮತ್ತು ಮಂಜಿನಿಂದ ಹಾಳೆ ನಿಧಾನವಾಗಿ ಒಣಗುತ್ತದೆ. ಇದು ತಪ್ಪಲನ್ನು ಮಾಸಿಸುವುದಕ್ಕೆ ಅನುಕೂಲ. ಮಗುವಿಗೆ ಸಾಕಷ್ಟು ಸಮಯ ಸಿಗುತ್ತದೆ. ಆದರೆ ಒಂದು ಅವಧಿಯಲ್ಲಿ ಎರಡು ಪದರಕ್ಕಿಂತ ಹೆಚ್ಚು ಸಾಗದು. ಗೂಡಲೂರು ನೈರುತ್ಯ ಮಳೆಗೆ ಮೈಯೊಡ್ಡಿ ನಿಂತಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯಲ್ಲಿಯೇ ನೀರು ತುಂಬಿರುತ್ತದೆ. ಅಲ್ಲಿ ದಿನಕ್ಕೊಂದು ಪದರದಂತೆ ನಾಲ್ಕು ದಿನಗಳಲ್ಲಿ ಚಿತ್ರವನ್ನು ಮುಗಿಸುವುದು ಜಾಣತನ. ಮಸಿನಗುಡಿ ಬೆಟ್ಟದ ಮಳೆನೆರಳಿನಲ್ಲಿದೆ. ಬೇಸಗೆಯಲ್ಲಿ ಕುಂಚ ತೊಳೆಯುವಷ್ಟರಲ್ಲಿ ಬಣ್ಣ ಒಣಗಿ ಗೆರೆ ಉಳಿದುಬಿಡುತ್ತದೆ. ಅಲ್ಲಿ ಬೆಳಗಿನ ಮೊದಲ ಅವಧಿಯಲ್ಲಿ, ಫ್ಯಾನು ನಿಲ್ಲಿಸಿ, ಬಣ್ಣ ಹಾಕುವ ಮೊದಲೇ ತಪ್ಪಲಿನ ಜಾಗವನ್ನು ಶುದ್ಧ ನೀರಿನಿಂದ ತೇವ ಮಾಡಿಟ್ಟುಕೊಂಡರೆ ಕೆಲಸ ಸುಗಮವಾಗುತ್ತದೆ.

ನೋಟಕ್ಕೂ ಸಮಯವುಂಟು. ಗೂಡಲೂರಿಗೆ ಬೆಟ್ಟದ ಗೋಡೆ ಪೂರ್ವದಲ್ಲಿದೆ. ಬೆಳಗ್ಗೆ ಸೂರ್ಯ ಅದರ ಹಿಂದಿನಿಂದ ಬರುವಾಗ ಬೆಟ್ಟಗಳು ವಿವರವಿಲ್ಲದ ಪದರಗಳಾಗಿ ಕಾಣುತ್ತವೆ. ಈ ಚಿತ್ರಕ್ಕೆ ಅದೇ ತಕ್ಕ ಹೊತ್ತು. ಮಸಿನಗುಡಿಗೆ ಬೆಟ್ಟ ದಕ್ಷಿಣದಲ್ಲಿದೆ. ಮೂವತ್ತಾರು ತಿರುವುಗಳ ಕಲ್ಹಟ್ಟಿ ಘಾಟಿಯನ್ನು ಬಸ್ಸಿನಲ್ಲಿಯೋ ಜೀಪಿನಲ್ಲಿಯೋ ಏರಿಳಿದ ಮಕ್ಕಳು ಆ ಬೆಟ್ಟದ ಮೈಯನ್ನು ಬಲ್ಲರು. ಹೊಸೂರು, ತಾಳವಾಡಿ ಕಡೆಯ ಶಿಕ್ಷಕರು ತಮ್ಮಲ್ಲಿ ಕಾಣುವ ಗುಡ್ಡಗಳನ್ನೇ ಆಯ್ದುಕೊಳ್ಳಬೇಕು. ಗುಡ್ಡವೇ ಇಲ್ಲದ ಕಡೆ ಒಂದರ ಹಿಂದೊಂದಿರುವ ಮರದ ತೋಪುಗಳೂ ಆಗುತ್ತವೆ.

ತಪ್ಪುಗಳು ಮತ್ತು ಪರಿಹಾರ

ದೂರದ ಬೆಟ್ಟವೇ ಗಾಢವಾಗಿಬಿಟ್ಟಿತೆಂದು ಅಳುವ ಮಗು ಪ್ರತಿ ತರಗತಿಯಲ್ಲಿಯೂ ಇರಬಹುದು. ಹಾಳೆ ಹರಿದು ಹೊಸದು ಕೊಡಬಾರದು. ಬಣ್ಣ ಹಸಿಯಾಗಿದ್ದರೆ ಬಟ್ಟೆಯನ್ನು ಒತ್ತಿ ಹೀರಿಸಬಹುದು. ಒಣಗಿದ್ದರೆ ಮುಂದಿನ ಬೆಟ್ಟಗಳನ್ನು ಇನ್ನೂ ಗಾಢವಾಗಿಸಬೇಕು. ಆಗ ಮೊದಲನೆಯದು ತಾನಾಗಿ ಹಿಂದೆ ಸರಿಯುತ್ತದೆ. ಜಲವರ್ಣದಲ್ಲಿ ಅಳಿಸಿ ಮೊದಲಿಂದ ಬರೆಯಲಾಗದು, ಆದರೆ ಮುಂದಿನ ಹೆಜ್ಜೆಯಿಂದ ಹಿಂದಿನದನ್ನು ಸರಿದೂಗಿಸಬಹುದು. ತಪ್ಪಿಗೆ ಹೆದರಿ ಬಾಯಿ ತೆರೆಯದ ಮಗುವಿಗೆ ಈ ಅನುಭವ ಬಹಳ ಅಗತ್ಯ.

ಅರೆ ಒಣಗಿದ ಬಣ್ಣದ ಮೇಲೆ ನೀರು ಬಿದ್ದರೆ ಹೂಕೋಸಿನಂತಹ ಅಂಚು ಮೂಡುತ್ತದೆ. ಹೊಸ ನೀರು ಒಣಗುತ್ತಿರುವ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳುವುದೇ ಇದಕ್ಕೆ ಕಾರಣ. ಉಜ್ಜಲು ಹೋದರೆ ಇನ್ನಷ್ಟು ಕೆಡುತ್ತದೆ. ಒಣಗಲು ಬಿಟ್ಟು ಅದನ್ನೇ ಪೊದೆಯೆಂದೋ ಮೋಡವೆಂದೋ ಬಳಸಬಹುದು. ಹಾಳೆ ಡೊಂಕಾದರೆ, ಪೂರ್ತಿ ಒಣಗಿದ ಮೇಲೆ ರಾತ್ರಿಯಿಡೀ ಪುಸ್ತಕಗಳ ಭಾರದ ಕೆಳಗೆ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಶಿಕ್ಷಕರು ಮಗುವಿನ ಕೈಯಿಂದ ಕುಂಚ ತೆಗೆದುಕೊಂಡು ತಿದ್ದಲೇಬಾರದು. ತೋರಿಸಬೇಕಾದುದನ್ನು ತಮ್ಮ ಹಾಳೆಯ ಮೇಲೆಯೇ ತೋರಿಸಬೇಕು.

ಬಣ್ಣದ ಪೆಟ್ಟಿಗೆ ಇಲ್ಲದಿದ್ದಲ್ಲಿ

ಬಣ್ಣದ ಪೆಟ್ಟಿಗೆ ಕೊಳ್ಳಲಾಗದ ಶಾಲೆಗೆ ನೀಲಗಿರಿಯ ಟೀ ಪುಡಿಯೇ ಬಣ್ಣ. ನಾಲ್ಕು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಸೋಸಿದರೆ ಗಟ್ಟಿ ಡಿಕಾಕ್ಷನ್ ದೊರೆಯುತ್ತದೆ. ಇದನ್ನು ಶಿಕ್ಷಕರೇ ಮನೆಯಲ್ಲಿ ಮಾಡಿ, ತಣಿಸಿ ತರಬೇಕು. ಮೊದಲ ಕರಟಕ್ಕೆ ಒಂದು ಚಮಚ ಡಿಕಾಕ್ಷನ್‌ಗೆ ಎರಡು ಚಮಚ ನೀರು, ಎರಡನೆಯದಕ್ಕೆ ಡಿಕಾಕ್ಷನ್ ಮಾತ್ರ, ಮೂರನೆಯದಕ್ಕೆ ಅದರೊಡನೆ ನೀರಿನಲ್ಲಿ ಕರಗುವ ಕಾಫಿಪುಡಿ. ಬೆಟ್ಟಗಳು ನೀಲಿಯ ಬದಲು ಕಂದಾದರೂ ದೂರ ಹತ್ತಿರಗಳ ಭೇದ ಸ್ಪಷ್ಟವಾಗಿಯೇ ಮೂಡುತ್ತದೆ. ತುಕ್ಕು ಹಿಡಿದ ಕಬ್ಬಿಣದ ಮೊಳೆಯನ್ನು ಡಿಕಾಕ್ಷನ್‌ನಲ್ಲಿ ಒಂದೆರಡು ರಾತ್ರಿ ನೆನೆಸಿದರೆ ಟೀಯಲ್ಲಿರುವ ಒಗರು ಅಂಶ ಕಬ್ಬಿಣದೊಡನೆ ಸೇರಿ ಕಪ್ಪಿಗೆ ತಿರುಗುತ್ತದೆ. ಇದನ್ನೂ ಶಿಕ್ಷಕರೇ ಸಿದ್ಧಪಡಿಸಬೇಕು. ಯಾರೂ ಕುಡಿಯದಂತೆ ಎಚ್ಚರವಹಿಸಬೇಕು.

ಸುತ್ತಲಿನ ಗಿಡಮರಗಳಿಂದ ಬಣ್ಣ ಪಡೆಯುವುದು ಈ ಬೆಟ್ಟಕ್ಕೆ ಹೊಸತಲ್ಲ. ಕೋತಗಿರಿ ಬಳಿಯ ವೆಳ್ಳರಿಕೊಂಬೆಯ ಕುರುಂಬ ಚಿತ್ರಕಾರರು ಹೊನ್ನೆ ಮರದ ಅಂಟಿನಿಂದ ಕಂದು ಬಣ್ಣವನ್ನೂ ಸೊಪ್ಪಿನಿಂದ ಹಸಿರನ್ನೂ ಪಡೆದು ಚಿತ್ರ ಬರೆಯುತ್ತ ಬಂದಿದ್ದಾರೆ. ತರಗತಿಯಲ್ಲಿ ಕುರುಂಬ ಮಕ್ಕಳಿದ್ದರೆ ಈ ಮಾತನ್ನು ಹೇಳಲು ಮರೆಯಬಾರದು. ಟೀ ತೋಟದ ಕೂಲಿಕಾರರ ಮಗುವಿಗೆ ತಾಯಿ ಬಿಡಿಸಿದ ಎಲೆಯೇ ಚಿತ್ರವಾಯಿತೆಂಬುದೂ ಸಣ್ಣ ಸಂಗತಿಯಲ್ಲ.

ಚಿತ್ರದಿಂದ ಮಾತಿಗೆ

ಇಂಗ್ಲಿಷ್ ಮಕ್ಕಳ ಕವಿಯೆಂದು ಹೆಸರಾದ ಎಡ್ವರ್ಡ್ ಲಿಯರ್ ವೃತ್ತಿಯಿಂದ ನಿಸರ್ಗಚಿತ್ರಕಾರನಾಗಿದ್ದನು. 1873ರ ನವೆಂಬರಿನಲ್ಲಿ ಮುಂಬಯಿಗೆ ಬಂದಿಳಿದ ಅವನು ಭಾರತವನ್ನು ಸುತ್ತುತ್ತ 1874ರಲ್ಲಿ ನೀಲಗಿರಿಯ ಕೂನೂರಿಗೂ ಬಂದಿದ್ದನು. ಸ್ಥಳದಲ್ಲಿ ಪೆನ್ಸಿಲಿನಿಂದ ಬೇಗಬೇಗನೆ ರೇಖಿಸಿ, ಯಾವ ಭಾಗ ಯಾವ ಬಣ್ಣದ್ದೆಂದು ಚಿತ್ರದ ಮೇಲೆಯೇ ಮಾತಿನಲ್ಲಿ ಬರೆದುಕೊಳ್ಳುವುದು, ಬಳಿಕ ಬಿಡುವಿನಲ್ಲಿ ಜಲವರ್ಣ ತುಂಬುವುದು ಅವನ ರೂಢಿ. ಬಣ್ಣ ಮರೆತುಹೋಗದಂತೆ ಮಾತು ಅದನ್ನು ಹಿಡಿದಿಟ್ಟಿತು.

ಇದೇ ಕ್ರಮವನ್ನು ತರಗತಿಯಲ್ಲಿ ಅನುಸರಿಸಬಹುದು. ಹೊರಗೆ ನೋಡಲು ಹೋದಾಗ ಪ್ರತಿ ಮಗುವೂ ಒಂದು ಚೀಟಿಯಲ್ಲಿ ಬೆಟ್ಟಸಾಲುಗಳನ್ನು ಗೀಚಿ, ಪ್ರತಿ ಸಾಲಿನ ಮೇಲೆ ಅದರ ಬಣ್ಣವನ್ನು ಕನ್ನಡದಲ್ಲಿ ಬರೆಯಬೇಕು. ‘ನೀಲಿ’ ಎಂಬ ಒಂದೇ ಪದವನ್ನು ಮೂರು ಸಾಲಿಗೂ ಬರೆಯುವಂತಿಲ್ಲ ಎಂಬುದು ನಿಯಮ. ಆಗ ಪದಗಳ ಹುಡುಕಾಟ ಆರಂಭವಾಗುತ್ತದೆ. ಕನ್ನಡದಲ್ಲಿ ಬಣ್ಣದ ಹೆಸರಿನ ಮುಂದೆ ಸೇರುವ ಪುಟ್ಟ ಪದಗಳು ಹೇರಳವಾಗಿವೆ: ತಿಳಿ, ನಸು, ಎಳೆ, ಮಾಸಲು, ಅಚ್ಚ, ಕಡು. ಇವುಗಳನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದಲೇ ತಿಳಿನೀಲಿ, ಮಾಸಲು ನೀಲಿ, ಕಡುನೀಲಿ ಎಂದು ಹೇಳಿಸಬೇಕು. ಮೂರು ಕರಟ, ಮೂರು ಬೆಟ್ಟ, ಮೂರು ಪದ.

ಮೇಲಿನ ತರಗತಿಗಳಲ್ಲಿ ಇಲ್ಲಿಂದಲೇ ವ್ಯಾಕರಣಕ್ಕೆ ಸಾಗಬಹುದು. ನಸು ಮತ್ತು ಕೆಂಪು ಸೇರಿ ನಸುಗೆಂಪು. ಕಡು ಮತ್ತು ಕಪ್ಪು ಸೇರಿ ಕಡುಗಪ್ಪು. ಕಕಾರಕ್ಕೆ ಗಕಾರ ಬಂದ ಆದೇಶ ಸಂಧಿ ಇದು. ಹಸಿರು, ನೀಲಿ, ಹಳದಿಗಳು ಹೀಗೆ ಬದಲಾಗುವುದಿಲ್ಲವೇಕೆ ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಕಾಣಲಿ. ಮಳೆಗಾಲ, ಚಳಿಗಾಲ, ಬೆಟ್ಟದಾವರೆ ಎಂಬ ಪಠ್ಯದ ಉದಾಹರಣೆಗಳು ಆಗ ಒಣ ಸೂತ್ರವಾಗಿ ಉಳಿಯುವುದಿಲ್ಲ.

ಮಗುವಿಗೆ ಮನೆಮಾತಿನ ಪದ ಮೊದಲು ಹೊಳೆದರೆ ತಡೆಯಬಾರದು. ಮಂಜಿಗೆ, ಇಬ್ಬನಿಗೆ, ಬೆಟ್ಟದ ನೆತ್ತಿಗೆ ಬಡಗರ ಮನೆಯಲ್ಲಿ, ಇರುಳರ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿ, ಕನ್ನಡ ಪದದ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆಸಬೇಕು. ದೊಡ್ಡಬೆಟ್ಟ, ಕಲ್ಹಟ್ಟಿ ಎಂಬ ಊರ ಹೆಸರುಗಳನ್ನು ಬಿಡಿಸಿ ಅರ್ಥ ಹೇಳುವಂತೆ ಕೇಳಿದರೆ, ಪುಸ್ತಕದ ಕನ್ನಡ ತಮ್ಮ ನೆಲದಲ್ಲಿಯೂ ಇದೆಯೆಂಬುದು ಮಕ್ಕಳಿಗೆ ಮನವರಿಕೆಯಾಗುತ್ತದೆ.

ಚಿತ್ರ ಮುಗಿದ ಮೇಲೆ ಅದರ ಕೆಳಗೆ ಒಂದರಿಂದ ಐದು ವಾಕ್ಯಗಳನ್ನು ಬರೆಸಬೇಕು. ಒಂದು ಮತ್ತು ಎರಡನೆಯ ತರಗತಿಗೆ ಮೂರು ಪದಗಳು ಸಾಕು. ಮೂರರಿಂದ ಐದನೆಯ ತರಗತಿಯವರು ‘ಹಿಂದಿನ ಬೆಟ್ಟ ತಿಳಿನೀಲಿ. ಅದರ ಬುಡ ಕಾಣುವುದಿಲ್ಲ’ ಎಂಬಂತಹ ಸಣ್ಣ ವಾಕ್ಯಗಳನ್ನು ಬರೆಯಲಿ. ಆರರಿಂದ ಎಂಟನೆಯ ತರಗತಿಯವರು ‘ಗಿಂತ’, ‘ಅಷ್ಟು’, ‘ಆದಂತೆ’ ಎಂಬ ರೂಪಗಳನ್ನು ಬಳಸಿ ಹೋಲಿಸಿ ಬರೆಯಲಿ. ಪ್ರಬಂಧದ ಪುಸ್ತಕದಿಂದ ಎತ್ತಿದ ವಾಕ್ಯವನ್ನು ಇಲ್ಲಿ ಸೇರಿಸಲು ಆಸ್ಪದವೇ ಇಲ್ಲ. ಏಕೆಂದರೆ ಆ ಪುಸ್ತಕದಲ್ಲಿ ಈ ಬೆಟ್ಟವಿಲ್ಲ.

ಮೌಲ್ಯಮಾಪನ

ಅಂದಕ್ಕೆ ಅಂಕ ಕೊಡಬಾರದು. ಶಿಕ್ಷಕರು ಗಮನಿಸಬೇಕಾದುದು ಮೂರು ಅಂಶಗಳನ್ನು. ಹಿಂದಿನದು ತಿಳಿ, ಮುಂದಿನದು ಗಾಢ ಎಂಬ ಕ್ರಮ ಹಾಳೆಯ ಮೇಲೆ ಬಂದಿದೆಯೇ? ಬೆಟ್ಟದ ಅಂಚು ಮಗು ಕಂಡ ಬೆಟ್ಟದ್ದೇ, ನಕಲಿನದೇ? ಮೂರು ಸಾಲಿಗೆ ಮೂರು ಬೇರೆ ಪದಗಳನ್ನು ಮಗು ತಾನೇ ಹುಡುಕಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಬಣ್ಣ ಹರಡಿದ ಚಿತ್ರವೂ ಸಾರ್ಥಕ.

ಎಲ್ಲ ಚಿತ್ರಗಳನ್ನೂ ತರಗತಿಯ ಗೋಡೆಯ ಮೇಲೆ ಒಂದು ವಾರ ತೂಗುಹಾಕಬೇಕು. ಆಯ್ದ ನಾಲ್ಕನ್ನು ಮಾತ್ರವಲ್ಲ. ಬಳಿಕ ಪ್ರತಿ ಹಾಳೆಯ ಹಿಂದೆ ತಿಂಗಳು, ಹೊತ್ತು, ನಿಂತು ನೋಡಿದ ಸ್ಥಳ ಇವಿಷ್ಟನ್ನು ಬರೆಸಿ ತೆಗೆದಿಡಬೇಕು. ಜುಲೈನಲ್ಲಿ ಬರೆದ ಬೆಟ್ಟವನ್ನು ಅದೇ ಕಿಟಕಿಯಿಂದ ಜನವರಿಯಲ್ಲಿ ಮತ್ತೊಮ್ಮೆ ಬರೆಸಿ, ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಏನು ಬದಲಾಗಿದೆಯೆಂದು ಕೇಳಬೇಕು. ಆ ದಿನ ಮಕ್ಕಳು ಹೇಳುವ ಕನ್ನಡವನ್ನು ಶಿಕ್ಷಕರು ತಿದ್ದದೆ, ಅವರು ಹೇಳಿದಂತೆಯೇ ಬರೆದಿಟ್ಟುಕೊಳ್ಳುವುದು ಒಳಿತು. ಮುಂದಿನ ವರ್ಷದ ತರಗತಿಗೆ ಅದೇ ಮೊದಲ ಓದುಪಾಠವಾಗಬಹುದು.